ತಲೆಕೆಳಗಾಗಿ ಆದ ರಾಜಿ

ಹಾವೇರಿಯ ಹೇಮಂತ ವಕೀಲರು ಬೆನ್ನುನೋವಿಗೆಂದು ಒಂದು ಯಂತ್ರ ತರಿಸಿದರು. ಕಣಕಾಲಿಗೆ ಪಟ್ಟಿ ಬಿಗಿದು, ಹಲಗೆಗೆ ಒರಗಿ, ತಲೆಕೆಳಗಾಗಿ ತೂಗುವ ಯಂತ್ರ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಹೆಂಡತಿ ಮೇಧಾ ಅದನ್ನು ಕಂಡು ಹಣೆ ಹಣೆ ಚಚ್ಚಿಕೊಂಡಳು.

"ಬಾವಲಿ ಹಗಲೆಲ್ಲಾ ತೂಗ್ತದ. ಅದಕ್ಕೇನಾಗ್ಯದ?" ಎಂದು ವಕೀಲರು ವಾದಕ್ಕಿಳಿದರು.

"ಬಾವಲಿ ಗೇಣುದ್ದ ಇರ್ತದ. ಅದರ ರಕ್ತ ಇಳದು ಎಷ್ಟು ದೂರ ಹೋದೀತು? ನೀವು ಆರು ಫೂಟು ಇದ್ದೀರಿ, ಎಲ್ಲಾ ತಲಿಗೇ ನುಗ್ತದ."

"ಹಂಗಾರ ಜಿರಾಫೆ? ನೀರಿಗೆ ಬಗ್ಗಿದ್ರ ಅದರ ತಲಿ ಒಡದು ಹೋಗ್ತದೇನು?"

"ಅದರ ಮಿದುಳಿನ ಬುಡದಾಗ ರಕ್ತನಾಳದ ಜಾಲ ಇದ್ದು ರಭಸ ತಡೀತದ. ಕಾಲಿನ ತೊಗಲು ಬಿಗಿಯಾದ ಕಾಲುಚೀಲ ಇದ್ದಂಗ, ರಕ್ತ ಕೆಳಗ ನಿಲ್ಲಗೊಡೂದಿಲ್ಲ. ನಿಮಗ ಏನದ? ಬರೇ ಹೊಟ್ಟಿ ಅದ."

ಇಷ್ಟು ಹೇಳಿ ಅವಳು ಸಂತೆಗೆ ಹೋದಳು. ಸೋಲೊಪ್ಪದ ವಕೀಲರು ಯಂತ್ರ ಹತ್ತಿದರು.

ತೂಗುವುದು ಸುಲಭವಾಗಿತ್ತು. ಏಳುವುದಾಗಲಿಲ್ಲ. ಕೈ ಎದೆಗೆ ತಂದರೆ ಹಲಗೆ ತಾನೇ ಮೇಲೇಳಬೇಕಿತ್ತು, ಆದರೆ ಅವರ ಹೊಟ್ಟೆ ಅಷ್ಟರಲ್ಲಿ ಎದೆಯ ಕಡೆ ಜಾರಿ ಕುಳಿತಿತ್ತು. ಕೈಕಾಲು ಆಡಿಸಿದರು, ಉಸಿರು ಬಿಗಿಹಿಡಿದರು, ಹಲಗೆ ಮಿಸುಕಲಿಲ್ಲ. ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

ಆಗ ಬಂದವನು ಮೇಡ್ಲೇರಿಯ ಮೈಲಾರೆಪ್ಪ. ಬದುವಿನ ಜಗಳದಲ್ಲಿ ತಮ್ಮನ ಮೇಲೆ ದಾವೆ ಹೂಡಿ, ರಾಣೇಬೆನ್ನೂರಿನಲ್ಲಿ ಸೋತು, ಹಾವೇರಿಗೆ ಅಪೀಲು ತಂದಿದ್ದ ಕಕ್ಷಿದಾರ. ಬಾಗಿಲಲ್ಲೇ ನಿಂತು ನೋಡಿದ, ಚಪ್ಪಲಿ ಬಿಟ್ಟ, ಸದ್ದು ಮಾಡದೆ ಚಾಪೆಯ ಮೇಲೆ ಕೈಕಟ್ಟಿ ನಿಂತ.

"ಯೋಗ ಮುಗಿಸ್ಕೊಳ್ರಿ ಸಾಹೇಬ್ರ, ನನಗೇನು ಅವಸರಿಲ್ಲ."

ಸಿಕ್ಕಿಬಿದ್ದಿದ್ದೇನೆ ಎನ್ನಲು ವಕೀಲರ ನಾಲಿಗೆ ಏಳಲಿಲ್ಲ. "ಏನು ಬಂದಿ ಮೈಲಾರೆಪ್ಪ? ಹೇಳು," ಎಂದರು ಗಂಭೀರವಾಗಿ.

"ಎರಡು ವರ್ಷಾತ್ರಿ, ಒಂದು ಮಾತು ಹೇಳ್ಬೇಕಂತ ಬರ್ತೇನಿ. ನಿಮ್ಮ ಮುಖ ನೋಡಿದ ಕೂಡ್ಲೆ ಬಾಯಿ ಕಟ್ಟತೈತಿ. ಇವತ್ತು ಕಣ್ಣೆದುರಿಗೆ ಬರೇ ಪಾದ ಅದಾವು, ಹೇಳೇ ಬಿಡ್ತೇನಿ. ನನಗೀ ಕೇಸು ಬ್ಯಾಡ್ರಿ. ತಮ್ಮನ ಮಗಳು ಪ್ರಿಯಾಂಕಾಂದು ಲಗ್ನ ಗೊತ್ತಾಗೈತಿ. ಅಕ್ಕಿಕಾಳು ಹಾಕಾಕ ದೊಡ್ಡಪ್ಪ ಇರಬೇಕಲ್ರಿ?"

ನೆಟ್ಟಗಿದ್ದಿದ್ದರೆ ವಕೀಲರು ಮೇಲಿನ ಕೋರ್ಟುಗಳ ತೀರ್ಪುಗಳನ್ನೆಲ್ಲ ಉದುರಿಸಿ ಅವನ ಬಾಯಿ ಮುಚ್ಚಿಸುತ್ತಿದ್ದರು. ಈಗ ಕಿವಿಯಲ್ಲಿ ನಗಾರಿ ಬಾರಿಸುತ್ತಿತ್ತು.

"ಆತು, ರಾಜಿ ಮಾಡೂಣು. ಮೊದಲು ನನ್ನ ಎಬ್ಬಿಸು."

"ಖರೇನ್ರಿ?"

"ಖರೇ. ಲಗೂ ಎಬ್ಬಿಸೋ ಮಾರಾಯಾ."

ಮೈಲಾರೆಪ್ಪ ಜೋಳದ ಚೀಲ ಎತ್ತುವ ಹುರುಪಿನಲ್ಲಿ ಹಲಗೆಯನ್ನು ಒಂದೇ ಏಟಿಗೆ ಮೇಲೆ ನೂಕಿ, ಪಟ್ಟಿ ಬಿಚ್ಚಿದ. ವಕೀಲರು ಸೆಟೆದು ನಿಂತರು. ಕೆಂಪಗಿದ್ದ ಮುಖ ಸುಣ್ಣದಂತಾಯಿತು. ಮರುಗಳಿಗೆ ಅವರು ಮೈಲಾರೆಪ್ಪನ ಮೇಲೆ ಒರಗಿ, ಇಬ್ಬರೂ ಚಾಪೆಗೆ ಉರುಳಿದರು.

ಮೆಂತ್ಯೆಸೊಪ್ಪಿನ ಚೀಲ ಹಿಡಿದು ಒಳಬಂದ ಮೇಧಾ ಒಂದು ಕ್ಷಣ ನಿಂತು ನೋಡಿ, "ಯಾರು ಯಾರನ್ನ ಕೆಡವಿದ್ರಿ?" ಎಂದಳು.

ಮೈಲಾರೆಪ್ಪ ಅಡಿಯಿಂದಲೇ ನಡೆದದ್ದು ತಿಳಿಸಿದ. ಅವಳು ಗಂಡನನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಕುರ್ಚಿಯ ಮೇಲಿಟ್ಟಳು. "ತಲಿಗೆ ಹೋದ ರಕ್ತ ಒಮ್ಮೆಲೆ ಕಾಲಿಗೆ ಇಳದದ. ಜಿರಾಫೆ ಆಗಿದ್ರ ನಿಂತೇ ಇರ್ತಿದ್ರು."

ವಕೀಲರು ಕಣ್ಣು ಬಿಟ್ಟಾಗ ಮೈಲಾರೆಪ್ಪ ಅವರ ಮುಖದ ಮೇಲೆ ಬಗ್ಗಿದ್ದ. ಅವನ ಮೊಣಕೈ ತರಚಿ ರಕ್ತ ಬಂದಿತ್ತು. "ಸಾಹೇಬ್ರ, ರಾಜಿ ಅಂದಿದ್ದು ನೆನಪೈತಿಲ್ರಿ?"

ಎಚ್ಚರ ಸರಿಯಿಲ್ಲದವನು ಕೊಟ್ಟ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಅವರ ತುಟಿಯವರೆಗೆ ಬಂತು. ಆ ಮೊಣಕೈ ನೋಡಿ ನುಂಗಿಕೊಂಡರು.

"ನೆನಪದ. ತಮ್ಮನ್ನ ಕರಕೊಂಡು ಬಾ."

ಮುಂದಿನ ವಾರ ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ಕೋರ್ಟಿಗೆ ಬಂದು ರಾಜಿಪತ್ರಕ್ಕೆ ಸಹಿ ಮಾಡಿದರು. ಕೋರ್ಟಿನ ಗೇಟು ದಾಟುವ ಮೊದಲೇ, ಮದುವೆಗೆ ಬರುವ ವಕೀಲರು ಯಾರ ಮನೆಯಲ್ಲಿ ಇಳಿಯಬೇಕು ಎಂದು ಹೊಸ ಜಗಳ ತೆಗೆದರು. ಹೇಮಂತ ವಕೀಲರು ಯಾರ ಪರವೂ ವಾದಿಸದೆ ಚಹಾ ಕುಡಿಯುತ್ತ ನಿಂತರು.