ಮೂರು ಚುಕ್ಕಿಯ ಕಾರ್ಬೊರೇಟರ್

“ಇಪ್ಪತ್ತೆಂಟು ಸಾವಿರ” ಎಂದ ಅಂಗಡಿಯ ಭಾನುಪ್ರಕಾಶ. ಮಲ್ಲೇಶ್ವರಿ ಬಾಯಿ ತೆರೆದವಳು ಮುಚ್ಚಲಿಲ್ಲ.

“ಏನ್ರೀ, ಕಾರಿನ ರೇಟ್ ಹೇಳಾಕತ್ತೀರೋ, ಕಾರ್ಬೊರೇಟರಿಂದೋ?”

“ಹ್ವಾದ ವರ್ಷ ಇಂಥದನ್ನ ಆರು ಸಾವಿರಕ್ಕ ಕೊಟ್ಟೀನಿ ಅಕ್ಕಾ. ಈಗ ಹೈದರಾಬಾದಿನ ಮಂದಿ ಹಳೇ ಕಾರಿಗೆ ಬೆನ್ನು ಹತ್ಯಾರ. ಬ್ಯಾರೆ ಕಡಿ ಹುಡುಕ್ರಿ, ಸಿಗಂಗಿಲ್ಲ.”

ಹುಡುಕಿ ಹುಡುಕಿ ಸಾಕಾಗಿಯೇ ಅವಳು ತೆಲಂಗಾಣದ ಗಡಿಯೂರು ಗದ್ವಾಲಿನ ಈ ಹಳೇ ಸಾಮಾನಿನ ಅಂಗಡಿಗೆ ಬಂದಿದ್ದಳು. ಪಕ್ಕದಲ್ಲಿ ಅಪ್ಪ ಆಶಪ್ಪ, ಮಖ್ತಲಿನಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡಿದ್ದ ಹಳೇ ಫಿಯೇಟ್ ಕಾರಿಗೆ ಮರುಜೀವ ಕೊಡುವುದೊಂದೇ ಅವನ ಹುಚ್ಚು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ನಾಲಿಗೆ ಎರಡೂ ಹೋದವು. ಗೋಡೆಗೆ ಮುಖ ಮಾಡಿ ಮಲಗಿದವನು ಊಟವನ್ನೂ ಬಿಟ್ಟಂತಿದ್ದ. ಈ ಯುಗಾದಿಗೆ ಮಾತ್ರ ತಾನೇ ಎದ್ದು ಹೋಗಿ, ಎಡಗೈಯಲ್ಲಿ ಬಾನೆಟ್ ಎತ್ತಿದ. ಅವತ್ತಿನಿಂದ ಎರಡು ರೊಟ್ಟಿ ತಿನ್ನುತ್ತಾನೆ. ಕಾರು ನಿಂತೇ ಉಳಿದರೆ ಅಪ್ಪ ಮತ್ತೆ ಗೋಡೆಯ ಕಡೆ ತಿರುಗುತ್ತಾನೆಂಬ ಭಯ ಅವಳಿಗೆ.

ಲಕ್ವಾ ಹೊಡೆದ ಹೊಸದರಲ್ಲಿ ಗುಜರಿಯವನು ಬಂದಿದ್ದ. ಅವಳು ಮೂಲೆಯ ತಗಡಿನ ಟ್ರಂಕ್ ತೋರಿಸಿ, “ಅಪ್ಪಾ, ಇದನ್ನೇನು ಮಾಡ್ಲಿ?” ಎಂದು ಕೇಳಿದ್ದಳು. ಅವನು ಕತ್ತಿನ ನರ ಉಬ್ಬಿಸಿ ಒಂದೇ ಮಾತು ಹೇಳಿದ್ದ, “ಅಮ್ಮಕು.” ತೆಲುಗಿನಲ್ಲಿ ಅಮ್ಮನಿಗೆ ಎಂದು. ಅವರ ಮನೆಯಲ್ಲಿ ಅಮ್ಮ ಅಂದರೆ ಪೋಚಮ್ಮ. ಈ ಸ್ಥಿತಿಯಲ್ಲೂ ದೇವಿಯನ್ನು ಮರೆಯಲಿಲ್ಲವಲ್ಲ ಎಂದು ಮಲ್ಲೇಶ್ವರಿಯ ಕಣ್ಣು ತುಂಬಿತ್ತು. ಮುಚ್ಚಳವನ್ನೂ ತೆರೆಯದೆ ಟ್ರಂಕನ್ನು ತೂಕಕ್ಕೆ ಹಾಕಿ, ಬಂದ ನಾನೂರ ಅರವತ್ತು ರೂಪಾಯಿಯಲ್ಲಿ ಪೋಚಮ್ಮನಿಗೆ ಸೀರೆ ಉಡಿಸಿ, ಅಪ್ಪನಿಗೆ ಮಾತು ಕೊಡು ತಾಯಿ ಎಂದು ಬೇಡಿಕೊಂಡಿದ್ದಳು.

ಈಗ ಆಶಪ್ಪ ಕಾರ್ಬೊರೇಟರನ್ನು ಎಡಗೈಯಲ್ಲಿ ಬೋರಲು ಹಾಕಿದ. ತಳದಲ್ಲಿ ಮೂರು ಚುಕ್ಕಿ, ಚುಕ್ಕಿಯೊಳಗೆ ಹಳದಿ. ಎತ್ತಿಟ್ಟುಕೊಂಡ ಪ್ರತಿ ಸಾಮಾನಿಗೂ ಮೂರು ಚುಕ್ಕಿ ಹೊಡೆದು, ಮನೆದೇವರು ಬೀರಪ್ಪನ ಹೆಸರಲ್ಲಿ ಭಂಡಾರದ ಅರಿಶಿನ ತಿಕ್ಕುವವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವಳ ಅಪ್ಪ.

“ಇದು ಎಲ್ಲಿಂದ ಬಂತ್ರೀ?”

“ಮಖ್ತಲ್ ಗುಜರಿಯವ ಒಂದು ಟ್ರಂಕ್ ತುಂಬ ತಂದಿದ್ದ. ಎಲ್ಲಾ ಹ್ವಾದವು, ಇದೊಂದ ಉಳದೈತಿ.”

ಮಲ್ಲೇಶ್ವರಿ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಅಮ್ಮಗ ಅಂತ ನೀನ ಹೇಳಿದ್ದಿಯಲ್ಲಾ?”

ಆಶಪ್ಪ ಇಲ್ಲವೆಂದು ತಲೆಯಾಡಿಸಿದ. ಅವಳ ಪರ್ಸಿನಲ್ಲಿ ಎಂಟು ಸಾವಿರವಷ್ಟೇ ಇರುವುದು ಅವನಿಗೂ ಗೊತ್ತಿತ್ತು. ಕಾರ್ಬೊರೇಟರನ್ನು ಭಾನುಪ್ರಕಾಶನ ಕಡೆ ಸರಿಸಿ, ಅದರ ಮೇಲೆ ಅಂಗೈ ಊರಿ, ಕತ್ತಿನ ನರ ಉಬ್ಬಿಸಿದ.

“ಅಮ್ಮಕು.”

“ಆಯ್ತು ತಾತಾ, ಮಾರಂಗಿಲ್ಲ” ಎಂದ ಭಾನುಪ್ರಕಾಶ ತಟ್ಟನೆ. “ನೀವು ರೊಕ್ಕ ತರೂತನಕ ಯಾರಿಗೂ ಕೊಡಂಗಿಲ್ಲ.”

ಮಾರಬೇಡ. ತೆಲುಗಿನಲ್ಲಿ ಅದಕ್ಕೂ ‘ಅಮ್ಮಕು’ ಎಂಬ ಅದೇ ಮಾತು. ಅಪ್ಪ ಮನೆಯ ಮಾತನ್ನು ಕನ್ನಡದಲ್ಲಿ ಆಡುತ್ತಿದ್ದ, ಗ್ಯಾರೇಜಿನ ಮಾತನ್ನು ತೆಲುಗಿನಲ್ಲಿ. ಚಿಕ್ಕಂದಿನಿಂದ ಅದನ್ನು ಕೇಳುತ್ತಲೇ ಬೆಳೆದವಳು ಮಲ್ಲೇಶ್ವರಿ. ಅಂಗಡಿಯವನಿಗೆ ಒಂದೇ ಸಲಕ್ಕೆ ತಿಳಿದದ್ದು ಅವಳಿಗೆ ಎರಡು ವರ್ಷ ತಿಳಿದಿರಲಿಲ್ಲ.