ಕೂಗಿದರೆ ಬಾಗಿಲು ತೆಗೆಯುವವರು

ಲಾತಿರ್ ಸೆಕ್ ಮೂವತ್ತು ವರ್ಷ ಬಸ್ಸುಗಳ ಮೈಮೇಲೆ ಸಿಂಹ, ಹದ್ದು, ಹೂಬಳ್ಳಿ ಬರೆದುಕೊಂಡು ಬಂದವನು. ಗೋಡೆಗೆ ಬರೆಯಲು ಅವನನ್ನು ಯಾರೂ ಕರೆದಿರಲಿಲ್ಲ. ಒಂದು ಬೆಳಿಗ್ಗೆ ಅವನ ಶೆಡ್ಡಿಗೆ ಥಿಯಾರೋಯ್ ಬಡಾವಣೆಯ ಮಗೆತ್ ಬಂದಳು. ತನ್ನ ಓಣಿಯ ಬಾಯಲ್ಲಿ ಅಲಸಂದೆ ವಡೆ ಕರಿಯುವ ಹೆಂಗಸು.

“ನಮ್ಮ ಓಣೀಲಿ ಒಂದು ಗೋಡೆ ಇದೆಯಪ್ಪ. ಬಂದು ಚಿತ್ರ ಬರ್ಕೊಡು.”

ಅದು ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಗೋದಾಮಿನ ಗೋಡೆ. ಓಣಿಯ ಒಂದು ಕಡೆ ಉದ್ದಕ್ಕೂ ಅದೇ, ಇನ್ನೊಂದು ಕಡೆ ಹದಿನಾಲ್ಕು ಬಾಗಿಲು. ತಿಂಗಳ ಹಿಂದೆ ಮುಸ್ಸಂಜೆಯಲ್ಲಿ ಹೊಲಿಗೆ ಅಂಗಡಿಯಿಂದ ಬರುತ್ತಿದ್ದ ಕಿನೆ ಎಂಬ ಹುಡುಗಿಯನ್ನು ಅಲ್ಲಿ ಕೆಡವಿ, ಚೀಲ ಕಿತ್ತುಕೊಂಡು ಇಬ್ಬರು ಓಡಿಹೋಗಿದ್ದರು. ಅವಳ ಕೈ ಮುರಿದಿತ್ತು. ಅಂದಿನಿಂದ ಹೆಂಗಸರು ಹೆದ್ದಾರಿ ಸುತ್ತಿಕೊಂಡು ಮನೆ ಸೇರುತ್ತಿದ್ದರು.

“ದೊಡ್ಡದೊಂದು ಸಿಂಹ ಬರೀತೀನಿ ಅಕ್ಕ. ಕಳ್ಳರು ಹೆದರಿ ಸಾಯ್ಬೇಕು.”

“ಸಿಂಹ ಬಂದು ಬಾಗಿಲು ತೆಗೆಯುತ್ತೇನೋ? ಯಾರು ತೆಗೀತಾರೋ ಅವರ ಮುಖ ಬರಿ. ಅವರವರ ಬಾಗಿಲ ಎದುರಿಗೇ ಬರಿ. ಓಡೋ ಹುಡುಗೀಗೆ ಯಾವ ಬಾಗಿಲು ಬಡೀಬೇಕು ಅಂತ ಗೊತ್ತಾಗ್ಬೇಕು.”

ಲಾತಿರನ ಕೈಯಲ್ಲಿದ್ದ ಕುಂಚ ಹಾಗೇ ನಿಂತಿತು. ಇಷ್ಟು ಸರಳವಾದ ಮಾತು ತನಗೆ ಹೊಳೆಯಲಿಲ್ಲವಲ್ಲ ಎನಿಸಿತು.

ಮಗೆತ್ ಮನೆಮನೆ ಹತ್ತಿ ಇಳಿದಳು. ಯಾರಾದರೂ ಕೂಗಿದರೆ ಬಾಗಿಲು ತೆಗೀತೀರಾ? ಅವಳು ಕೇಳಿದ್ದು ಇಷ್ಟೇ. ಮುಖ ಬರೆಸಿಕೊಳ್ಳಲು ಹಾತೊರೆಯುತ್ತಿದ್ದ ಕೆಲವರು ತಲೆ ಕೆರೆದುಕೊಂಡರು. ಒಬ್ಬಳು, “ನಮ್ಮನೆಯವರನ್ನ ಕೇಳಿ ಹೇಳ್ತೀನಿ” ಎಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ನಿವೃತ್ತ ಸಿಪಾಯಿ ಬಿರಾಮ್ ಮಾತ್ರ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಲಾತಿರನ ಮುಂದೆ ಎದೆಯುಬ್ಬಿಸಿ ನಿಂತ.

“ನಂದು ಎಲ್ಲರಿಗಿಂತ ದೊಡ್ಡದಾಗಿರ್ಲಿ.”

“ಬಿರಾಮಣ್ಣ, ಕಿನೆ ಕೂಗಿದ್ದು ನಿನ್ನ ಬಾಗಿಲ ಮುಂದೇನೇ. ಆವತ್ತು ಮನೇಲಿದ್ದೆ ತಾನೆ?” ಮಗೆತ್ ದನಿ ಏರಿಸದೆ ಕೇಳಿದಳು.

ಬಿರಾಮ್ ಸಮವಸ್ತ್ರದ ಗುಂಡಿ ಬಿಚ್ಚುತ್ತ ಒಳಗೆ ಹೋದ.

ಕಿನೆ ಕೂಗಿದ ಆ ಸಂಜೆ ಬಾಗಿಲು ತೆಗೆದವನು ಒಬ್ಬನೇ, ಮೂಲೆಯ ದಿನಸಿ ಅಂಗಡಿಯ ಸಲಿಯು ಬಾ. ಗಿನಿಯಿಂದ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಓಣಿಗೆಲ್ಲ ಅವನು ‘ಆ ಗಿನಿಯವನು’. ತಕ್ಕಡಿಯ ಬಟ್ಟು ಹಿಡಿದುಕೊಂಡೇ ಓಡಿಬಂದು, ಕಿನೆಯನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದ್ದ.

“ಮೊದಲನೇ ಮುಖ ಅವನದು,” ಅಂದಳು ಮಗೆತ್.

ಗುಲ್ಲೆದ್ದಿತು. “ನಾಳೆ ಅಂಗಡಿ ಎತ್ಕೊಂಡು ಅವನ ಊರಿಗೆ ಹೋಗ್ತಾನೆ. ನಮ್ಮ ಗೋಡೆ ಮೇಲೆ ಹೊರಗಿನವನ್ಯಾಕೆ?”

“ಒಳಗಿನವರೆಲ್ಲ ಒಳಗೇ ಇದ್ರಲ್ಲ ಆವತ್ತು! ಹೊರಗೆ ಬಂದವನು ಅವನೊಬ್ಬನೇ. ನಿಜ ಬಿಡಿ, ಹೊರಗಿನವನೇ,” ಎಂದಳು ಮಗೆತ್.

ಯಾರೋ ಕಿಸಕ್ಕನೆ ನಕ್ಕರು. ಗುಲ್ಲು ಅಲ್ಲಿಗೇ ಅಡಗಿತು.

ಸಲಿಯುವನ್ನು ಒಪ್ಪಿಸುವುದೇ ಕಷ್ಟವಾಯಿತು. “ಬೇಡ ಅಕ್ಕ. ಯಾರಾದ್ರೂ ಮಸಿ ಬಳಿದ್ರೆ?”

“ಬಳೀಲಿ. ಒರೆಸೋಕೆ ನಾನಿಲ್ವಾ?”

ಎರಡು ಮಧ್ಯಾಹ್ನ ಅವನು ಅಲುಗಾಡದೆ ಕೂತ. ಲಾತಿರ್ ಚಿತ್ರ ಮುಗಿಸಿ ಕೆಳಗೆ ‘ಸಲಿಯು ಬಾ, ಈ ಓಣಿಯವನು’ ಎಂದು ಬರೆದ. ಸಲಿಯು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. ಆಮೇಲೆ ಅಂಗಡಿಯೊಳಗೆ ಹೋಗಿ ಬಹಳ ಹೊತ್ತು ಸಕ್ಕರೆ ತೂಗುತ್ತ ನಿಂತ. ಕೊಳ್ಳುವವರು ಯಾರೂ ಇರಲಿಲ್ಲ.

ಹೆಂಗಸರೇ ಕಸ ಬಾಚಿ, ಉಳಿದ ಗೋಡೆಗೆಲ್ಲ ಹಳದಿ ಬಳಿದರು. ಬಾಗಿಲು ತೆಗೀತೀವಿ ಎಂದವರದೆಲ್ಲ ಸೇರಿ, ಮಳೆಗಾಲ ಮುಗಿಯುವ ಹೊತ್ತಿಗೆ ಒಂಬತ್ತು ಮುಖಗಳಾದವು.

ಒಂದು ಶುಕ್ರವಾರ ಸಂಜೆ ಶಾಲೆಯ ಹುಡುಗಿಯೊಬ್ಬಳ ಬೆನ್ನು ಹತ್ತಿ ಒಬ್ಬ ಗಂಡಸು ಓಣಿಯೊಳಗೆ ಬಂದ. ಅವಳು ಚೀರಿದಳು. ಎರಡನೇ ಸಲ ಚೀರುವ ಮೊದಲೇ ಒಂಬತ್ತೂ ಬಾಗಿಲು ತೆರೆದವು. ಜೊತೆಗೆ ಹತ್ತನೆಯದೂ ತೆರೆಯಿತು. ಕೆನ್ನೆಯ ತುಂಬ ಸೋಪಿನ ನೊರೆ, ಕಾಲಿಗೆ ಒಂದೇ ಚಪ್ಪಲಿ, ಬಿರಾಮ್ ಆ ಗಂಡಸನ್ನು ಹೆದ್ದಾರಿಯವರೆಗೆ ಅಟ್ಟಿಸಿಕೊಂಡು ಹೋಗಿ ಏದುಸಿರು ಬಿಡುತ್ತ ವಾಪಸು ಬಂದ. ಹುಡುಗಿ ಸಲಿಯುವಿನ ಅಂಗಡಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

ಮರುದಿನವೇ ಮಗೆತ್ ಲಾತಿರನಿಗೆ ಹೇಳಿಕಳಿಸಿದಳು. ಬಿರಾಮನ ಬಾಗಿಲ ಎದುರು ಅವನ ಮುಖ ಬಂತು, ಉಳಿದವರಷ್ಟೇ ದೊಡ್ಡದು.

ಸುದ್ದಿ ಹಬ್ಬಿ, ರೈಲು ಹಳಿಯಾಚೆಯ ಬೀದಿಯ ಹೆಂಗಸರು ಬಂದು, “ನಮಗೂ ಇಂಥದೇ ಚಿತ್ರ ಬೇಕು” ಎಂದರು.

“ಚಿತ್ರ ಆಮೇಲೆ. ಮೊದ್ಲು ಮನೆಮನೆಗೆ ಹೋಗಿ ಕೇಳ್ಕೊಂಡು ಬರೋಣ ನಡೀರಿ,” ಎಂದು ಮಗೆತ್ ಒಲೆ ಆರಿಸಿ ಎದ್ದಳು. ಯಾರೂ ಕರೆಯದಿದ್ದರೂ ಲಾತಿರ್ ಅವಳ ಹಿಂದೆ ಹೊರಟ. ಅವಳು ಆ ಪ್ರಶ್ನೆ ಕೇಳುವುದನ್ನು ಇನ್ನೊಮ್ಮೆ ಕಿವಿಯಾರೆ ಕೇಳಬೇಕೆನಿಸಿತ್ತು ಅವನಿಗೆ.