ಎಂಗ್ರಾಸಿಯಾಳ ಮನಸ್ಸಿನ ಕಾಯಿಲೆ

"ಕಾಯಿಲೆ ಹೊಟ್ಟೇದಲ್ಲ ಕಣಮ್ಮ, ಮನಸ್ಸಿಂದು," ಎಂದರು ಡಾಕ್ಟರ್ ಉರುತಿಯಾ, ಮನೆಯಲ್ಲಿದ್ದ ಒಂದೇ ಕುರ್ಚಿಗೆ ಕರವಸ್ತ್ರ ಹಾಸಿ ಕೂತು. "ನಿಮ್ಮ ಜನದ ಹೆಣ್ಣುಗಳಿಗೆ ಗೊಣಗೋದೇ ಒಂದು ಕಸುಬು."

ಎಂಗ್ರಾಸಿಯಾ ಬಾಗಿಲಲ್ಲಿ ನಿಂತಿದ್ದಳು. ಗುಡಿಸಲಿನ ಕಂಬಗಳ ಕೆಳಗೆ, ಸಾನ್ ಹುವಾನ್ ಪಟ್ಟಣದ ಕೊಳಕನ್ನೆಲ್ಲ ಹೊತ್ತು ತಂದ ಕಾಲುವೆ. ಡಾಕ್ಟರರದು ಬಸಿರು ತಡೆಯುವ ಹೊಸ ಮಾತ್ರೆ. ಮೊದಲು ಈ ಗುಡಿಸಲು ಸಾಲಿನ ಹೆಂಗಸರು ನುಂಗಿ ಬದುಕಿ ತೋರಿಸಬೇಕು. ಆಮೇಲೆ ಸಮುದ್ರದಾಚೆಯ ದೊಡ್ಡ ಮನೆಯವರು ನುಂಗುತ್ತಾರೆ. ಶುರುಮಾಡಿದಂದಿನಿಂದ ಅವಳಿಗೆ ವಾಂತಿ, ಕಣ್ಣು ಕತ್ತಲೆ. ಬಿಡೋಣವೆಂದರೆ, ಇನ್ನೊಂದು ಹೆರಿಗೆಗೆ ನೀನು ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿಯಾಗಿತ್ತು.

"ನೀವು ತಿಂದು ನೋಡಿದೀರಾ ಡಾಕ್ಟ್ರೇ?"

"ನಾನ್ಯಾಕೆ ತಿನ್ನಲಿ? ನಾನೇನು ಹೆರ್ತೀನಾ?" ಅವರು ನಕ್ಕರು. "ಬೇಡದಿದ್ರೆ ಸೀಸೆ ಕೊಡು. ನಿನ್ನ ವಾಂತಿಗೋಸ್ಕರ ವಿಜ್ಞಾನ ನಿಂತ್ಕೊಳಲ್ಲ."

ಅವಳು ಕೊಡಲಿಲ್ಲ.

ನಲ್ಲಿಯ ಹತ್ತಿರ ಪಕ್ಕದ ಮನೆಯ ಪ್ರುಡೆನ್ಸಿಯಾ ಕ್ಯಾಕರಿಸಿ ಉಗಿದಳು. "ಆ ಸೂಳೆಮಗ ನಂಗೂ ಅದೇ ಅಂದ ಕಣೇ. ಮನಸ್ಸಿಂದಂತೆ. ಸಿಟ್ಟು ಬಂತು, ಮಾತ್ರೆನೆಲ್ಲ ಕಾಲ್ವೇಗ್ ಬಿಸಾಕ್ದೆ." ಐದು ತಿಂಗಳ ಹೊಟ್ಟೆಯನ್ನು ತಟ್ಟಿಕೊಂಡಳು. "ಇದೂ ಮನಸ್ಸಿಂದೇ ಇರ್ಬೇಕು, ಒದೀತದೆ."

ಮುಂದಿನ ಸಲ ಡಾಕ್ಟರರು ಬಂದಾಗ ಎಂಗ್ರಾಸಿಯಾ ಕಾಫಿ ಕೊಟ್ಟಳು. ಕೊಟ್ಟ ಕಾಫಿ ಒಲ್ಲೆ ಎಂದವನನ್ನು ಆ ಸಾಲಿನಲ್ಲಿ ಯಾರೂ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ಡಾಕ್ಟರರಿಗೂ ಗೊತ್ತಿತ್ತು.

"ಸಕ್ಕರೆ ಸುರಿದುಬಿಟ್ಟಿದೀಯಲ್ಲಮ್ಮ," ಎನ್ನುತ್ತ ಎರಡು ಲೋಟ ಕುಡಿದರು. ಖಾಲಿ ಸೀಸೆ ತೆಗೆದುಕೊಂಡು ಹೊಸ ಸೀಸೆ ಕೊಟ್ಟು, ಉಳಿದ ಮನೆಗಳಿಗೆ ಹೊರಟರು. ಒಲೆಯ ಹಿಂದೆ ಇದ್ದ ಅರೆಯುವ ಕಲ್ಲಿಗೆ ಬಿಳಿ ಪುಡಿ ಇನ್ನೂ ಮೆತ್ತಿತ್ತು.

ಸಾಲು ಮುಗಿಸಿ ತಿರುಗಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಡಾಕ್ಟರರು ಅವಳ ಗುಡಿಸಲಿನ ಕಂಬವನ್ನೇ ತಬ್ಬಿ ಕಾಲುವೆಗೆ ಬಾಗಿದರು. ಮೊದಲು ಕಾಫಿ ಬಂತು, ಆಮೇಲೆ ಮಧ್ಯಾಹ್ನದ ಊಟ, ಆಮೇಲೆ ಬರೀ ಹಳದಿ ನೀರು. ಹೆಂಗಸರು ಹೊರಗೆ ಬಂದು ನೋಡುತ್ತಾ ನಿಂತರು.

"ಏನ್ ಹಾಕಿದ್ದೆ ಕಾಫಿಗೆ, ಲೌಡಿ?"

"ಏನಿಲ್ಲ ಡಾಕ್ಟ್ರೇ. ಮನಸ್ಸಿಂದು."

ಪ್ರುಡೆನ್ಸಿಯಾ ಕಿಸಕ್ಕನೆ ನಕ್ಕಳು. ಡಾಕ್ಟರರು ಬಾಯಿ ಒರೆಸಿಕೊಂಡು ಕೈ ಚಾಚಿದರು. "ಸೀಸೆ ಕೊಡು. ನಿನ್ನ ಹೆಸರು ಹೊಡೆದುಹಾಕ್ತೀನಿ. ವರ್ಷಕ್ಕೊಂದು ಹೆತ್ತು ಸಾಯಿ."

ಎಂಗ್ರಾಸಿಯಾ ಹೊಸ ಸೀಸೆಯ ಮುಚ್ಚಳ ತೆಗೆದಳು. ಅವರು ನೋಡುತ್ತಿದ್ದಂತೆಯೇ ಒಂದು ಮಾತ್ರೆಯನ್ನು ನೀರಿಲ್ಲದೆ ನುಂಗಿ, ಸೀಸೆಯನ್ನು ರವಿಕೆಯೊಳಗೆ ತುರುಕಿಕೊಂಡಳು.

"ಬನ್ನಿ, ತಗೊಳ್ಳಿ."

ಅವರು ಮುಂದೆ ಹೆಜ್ಜೆ ಇಡಲು ಹೋಗಿ ಮತ್ತೆ ಕಂಬ ಹಿಡಿದು ಬಾಗಿದರು. ಎಂಗ್ರಾಸಿಯಾ ಅವರ ಪಕ್ಕದಲ್ಲೇ ಬಾಗಿಲ ಮುಂದಿನ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅವಳ ಸರದಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.